ಎಡಿಸನ್ ಕಾರು ಏಕೆ ಓಡಲಿಲ್ಲ?

1900ರ ಅಮೆರಿಕದಲ್ಲಿ ಯಾರನ್ನಾದರೂ ನಿಲ್ಲಿಸಿ, ಯಾವ ಕಾರು ಕೊಳ್ಳಲಿ ಎಂದು ಕೇಳಿದ್ದರೆ ಪೆಟ್ರೋಲ್ ಕಾರು ಎನ್ನುವವರು ಕಡಿಮೆಯೇ ಸಿಗುತ್ತಿದ್ದರು. ಆ ಹೊತ್ತಿನ ಗಣತಿಯ ಪ್ರಕಾರ ಅಲ್ಲಿ ಒಂದು ವರ್ಷದಲ್ಲಿ ತಯಾರಾದ ಕಾರುಗಳು 4,192. ಅದರಲ್ಲಿ ಉಗಿಯಿಂದ ಓಡುವವು 1,681, ಬ್ಯಾಟರಿಯಿಂದ ಓಡುವವು 1,575, ಪೆಟ್ರೋಲ್ ಕುಡಿಯುವವು ಬರೀ 936. ಅದಕ್ಕೂ ಮೊದಲೇ, 1899ರ ಏಪ್ರಿಲ್‌ನಲ್ಲಿ, ಪ್ಯಾರಿಸ್ ಸಮೀಪ ಬೆಲ್ಜಿಯಂನ ಕಮಿಲ್ ಜೆನಾಟ್ಜಿ ಎಂಬಾತ ಗಂಟೆಗೆ 100 ಕಿ.ಮೀ. ವೇಗ ದಾಟಿದ್ದ. ಜಗತ್ತಿನಲ್ಲಿ ಆ ಗೆರೆ ದಾಟಿದ ಮೊದಲ ಕಾರು ಅದು. ಅದೂ ಎಲೆಕ್ಟ್ರಿಕ್ ಕಾರೇ!

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಚಿತ್ರ ಪೂರ್ತಿ ತಿರುಗಿಬಿತ್ತು. ಎಲ್ಲಿ ನೋಡಿದರೂ ಪೆಟ್ರೋಲ್ ಕಾರು. ಏಕೆ ಹೀಗಾಯಿತು ಎಂದು ನಮ್ಮ ಕ್ಯಾಂಟೀನ್ ಚರ್ಚೆಗಳಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ತೈಲ ಕಂಪನಿಗಳ ಪಿತೂರಿ. ಉತ್ತರ ಕೇಳಲು ಚೆನ್ನಾಗಿದೆ, ಆದರೆ ಇಷ್ಟು ಸುಲಭವಾಗಿಲ್ಲ. ಕಾರು ಕಂಪನಿಗಳು ಏಕೆ ಹಿಂದೆ ಮುಂದೆ ನೋಡಿದವು ಎಂದು ತಿಳಿಯಬೇಕಾದರೆ ಒಬ್ಬನ ಬದುಕನ್ನು ನೋಡಬೇಕು. ಬಲ್ಬಿನಿಂದ ನಮಗೆಲ್ಲ ಗೊತ್ತಿರುವ ಥಾಮಸ್ ಆಲ್ವಾ ಎಡಿಸನ್ ಆತ. ಬಲ್ಬಿನ ಕಥೆ ಪಠ್ಯಪುಸ್ತಕದಲ್ಲಿದೆ. ಬ್ಯಾಟರಿಯ ಕಥೆ ಅಲ್ಲಿಲ್ಲ.

ಯಾರೂ ಕೊಳ್ಳದ ಮೊದಲ ಯಂತ್ರ

ಎಡಿಸನ್ ಹುಟ್ಟಿದ್ದು 1847ರ ಫೆಬ್ರುವರಿ 11ರಂದು, ಅಮೆರಿಕದ ಒಹಾಯೊ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋಗಿದ್ದು ಸ್ವಲ್ಪ ಕಾಲ ಮಾತ್ರ, ಪಾಠ ಹೇಳಿಕೊಟ್ಟವಳು ತಾಯಿ. ಹನ್ನೆರಡನೇ ವಯಸ್ಸಿಗೆ ಪೋರ್ಟ್ ಹ್ಯೂರಾನ್‌ನಿಂದ ಡೆಟ್ರಾಯಿಟ್‌ಗೆ ಹೋಗುವ ರೈಲಿನಲ್ಲಿ ಪತ್ರಿಕೆ, ತಿಂಡಿ ಮಾರುವ ಹುಡುಗನಾದ. ಸಾಮಾನು ಡಬ್ಬಿಯ ಮೂಲೆಯಲ್ಲೇ ರಾಸಾಯನಿಕಗಳ ಬಾಟಲಿ ಜೋಡಿಸಿಕೊಂಡು ಪ್ರಯೋಗ ಮಾಡುತ್ತಿದ್ದ. ಕಿವಿ ಆ ವಯಸ್ಸಿನಲ್ಲೇ ಮಂದವಾಗತೊಡಗಿತ್ತು. ಆಮೇಲೆ ಊರಿಂದೂರಿಗೆ ಅಲೆಯುವ ಟೆಲಿಗ್ರಾಫ್ ಆಪರೇಟರ್ ಕೆಲಸ.

1869ರಲ್ಲಿ, 22ನೇ ವಯಸ್ಸಿನಲ್ಲಿ, ಮೊದಲ ಪೇಟೆಂಟ್ ಸಿಕ್ಕಿತು. ಶಾಸನಸಭೆಯಲ್ಲಿ ಸದಸ್ಯರ ಮತಗಳನ್ನು ತಕ್ಷಣ ಎಣಿಸುವ ವಿದ್ಯುತ್ ಯಂತ್ರ ಅದು. ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಮತ ಎಣಿಕೆ ಬೇಗ ಮುಗಿಯುವುದು ರಾಜಕಾರಣಿಗಳಿಗೇ ಬೇಕಿರಲಿಲ್ಲ! ಒಬ್ಬರೂ ಕೊಳ್ಳಲಿಲ್ಲ. ಜನ ಕೊಳ್ಳದ ವಸ್ತುವನ್ನು ಇನ್ನು ಮುಂದೆ ಮಾಡುವುದೇ ಇಲ್ಲ ಎಂದು ಎಡಿಸನ್ ಅಂದೇ ತೀರ್ಮಾನಿಸಿದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1876ರಲ್ಲಿ ಮೆನ್ಲೊ ಪಾರ್ಕ್‌ನ ಪ್ರಯೋಗಾಲಯ, 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಲ್ಬು, 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ. ಇಲ್ಲಿ ಒಂದು ಸೂಕ್ಷ್ಮವಿದೆ. ಬಲ್ಬು ಗೆದ್ದದ್ದು ಬಲ್ಬಿನಿಂದ ಮಾತ್ರವಲ್ಲ. ಡೈನಮೊ, ನೆಲದಡಿಯ ತಂತಿ, ಮೀಟರ್, ಸ್ವಿಚ್, ಫ್ಯೂಸ್, ಹೋಲ್ಡರ್ ಎಲ್ಲವನ್ನೂ ಎಡಿಸನ್ ಮತ್ತು ಅವನ ತಂಡ ಒಟ್ಟಿಗೆ ಕಟ್ಟಿದರು. ಕರೆಂಟು ಮನೆ ಬಾಗಿಲಿಗೆ ಬಂದದ್ದರಿಂದಲೇ ಬಲ್ಬು ಮಾರಾಟವಾಯಿತು.

ಎಡಿಸನ್ ನಂಬಿದ್ದ ಡಿಸಿ ವಿದ್ಯುತ್ತು ಎಸಿ ಎದುರು ಸೋತಿತು. 1892ರಲ್ಲಿ ಅವನ ಕಂಪನಿ ಇನ್ನೊಂದರ ಜತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು, ಹೆಸರಿನಿಂದ ಎಡಿಸನ್ ಪದವೇ ಬಿದ್ದುಹೋಯಿತು. (ಮುಂದೆ ಹತ್ತೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ಯಂತ್ರಗಳು ಇದೇ ಜನರಲ್ ಎಲೆಕ್ಟ್ರಿಕ್‌ನವು. ಹರಿದದ್ದು ಎಸಿ!) ಆಮೇಲೆ ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ದೊಡ್ಡ ಕಾರ್ಖಾನೆ ಹಾಕಿ 20 ಲಕ್ಷ ಡಾಲರಿಗೂ ಹೆಚ್ಚು ಕಳೆದುಕೊಂಡ. ಇಷ್ಟಾದ ಮೇಲೂ ಸುಮ್ಮನೆ ಕೂರದೆ, 52ನೇ ವಯಸ್ಸಿನಲ್ಲಿ ಕೈ ಹಾಕಿದ್ದೇ ಬ್ಯಾಟರಿಗೆ.

ಫೋರ್ಡ್ ಎಂಬ ನೌಕರ

ಬ್ಯಾಟರಿಯ ಕೆಲಸಕ್ಕೂ ಮೂರು ವರ್ಷ ಮೊದಲು ನಡೆದ ಒಂದು ಭೇಟಿಯನ್ನು ಇಲ್ಲಿ ಹೇಳಲೇಬೇಕು. 1896ರ ಆಗಸ್ಟ್‌ನಲ್ಲಿ ಎಡಿಸನ್ ಹೆಸರಿನ ವಿದ್ಯುತ್ ಕಂಪನಿಗಳ ಸಮಾವೇಶ ನ್ಯೂಯಾರ್ಕ್‌ನ ಸಮುದ್ರ ತೀರದ ಹೋಟೆಲೊಂದರಲ್ಲಿ ನಡೆಯಿತು. ಡೆಟ್ರಾಯಿಟ್ ಶಾಖೆಯ ಮುಖ್ಯ ಎಂಜಿನಿಯರ್ ಆಗಿದ್ದ 33ರ ಯುವಕನೊಬ್ಬ ಬಂದಿದ್ದ. ಬಿಡುವಿನ ವೇಳೆಯಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಪೆಟ್ರೋಲ್ ಬಂಡಿಯೊಂದನ್ನು ಕಟ್ಟಿದ್ದಾನೆ ಎಂದು ಅವನನ್ನು ಎಡಿಸನ್‌ಗೆ ಪರಿಚಯಿಸಿದರು. ಅವನೇ ಹೆನ್ರಿ ಫೋರ್ಡ್.

ಕಿವಿ ಕೇಳದ ಎಡಿಸನ್ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಫೋರ್ಡ್ ಚಿತ್ರ ಬರೆದು ವಿವರಿಸಿದ. ಎಡಿಸನ್ ಮೇಜು ಗುದ್ದಿ ಶಹಭಾಷ್ ಹೇಳಿದನಂತೆ. ಎಲೆಕ್ಟ್ರಿಕ್ ಕಾರು ವಿದ್ಯುತ್ ಕೇಂದ್ರದ ಹತ್ತಿರವೇ ಸುತ್ತಬೇಕು, ಅದರ ಬ್ಯಾಟರಿ ಬಲು ಭಾರ, ನಿನ್ನ ಬಂಡಿಯಾದರೋ ತನ್ನ ಶಕ್ತಿಯನ್ನು ತಾನೇ ಹೊತ್ತು ಹೋಗುತ್ತದೆ, ಬಿಡಬೇಡ ಎಂಬ ಅರ್ಥದಲ್ಲಿ ಹುರಿದುಂಬಿಸಿದ್ದನ್ನು ಫೋರ್ಡ್ ಮುಂದೆ ಜೀವನವಿಡೀ ನೆನೆಯುತ್ತಿದ್ದ. ಅಂದರೆ, ಎಲೆಕ್ಟ್ರಿಕ್ ಕಾರಿನ ದೌರ್ಬಲ್ಯ ಏನು ಎಂಬುದು ಎಡಿಸನ್‌ಗೆ ಮೊದಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಸರಿಪಡಿಸಲು ಹೊರಟ.

ಸೀಸದ ಭಾರ

ಆಗಿದ್ದ ಬ್ಯಾಟರಿ ಸೀಸ ಮತ್ತು ಗಂಧಕಾಮ್ಲದ್ದು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಕಂಡುಹಿಡಿದದ್ದು. ಇವತ್ತು ನಮ್ಮ ಮನೆಯ ಯುಪಿಎಸ್‌ನಲ್ಲಿರುವುದೂ ಅದೇ ಜಾತಿ. ಸೀಸ ಎಷ್ಟು ಭಾರ ಎಂದು ಹೇಳಬೇಕಿಲ್ಲ. ಚಾರ್ಜ್ ಇಳಿದ ಮೇಲೆ ಹಾಗೇ ಬಿಟ್ಟರೆ ಪ್ಲೇಟುಗಳು ಕೆಡುತ್ತಿದ್ದವು. ಕಲ್ಲು ಹಾಸಿದ ಬೀದಿಯ ಕುಲುಕಾಟಕ್ಕೆ ಪ್ಲೇಟಿಗೆ ಮೆತ್ತಿದ ಪುಡಿ ಉದುರುತ್ತಿತ್ತು. ದಿನಾ ನೋಡಿಕೊಳ್ಳಲು ತಿಳಿದವನೊಬ್ಬ ಬೇಕಿತ್ತು.

ಇದರ ಪೆಟ್ಟು ಬಿದ್ದದ್ದು ನ್ಯೂಯಾರ್ಕ್‌ನ ಟ್ಯಾಕ್ಸಿಗಳಿಗೆ. 1897ರಿಂದ ಅಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿ ಓಡುತ್ತಿತ್ತು. ಚಾರ್ಜ್ ಮುಗಿದ ಟ್ಯಾಕ್ಸಿಯನ್ನು ನಿಲ್ದಾಣಕ್ಕೆ ತಂದರೆ ಯಂತ್ರದ ಸಹಾಯದಿಂದ ಬ್ಯಾಟರಿಯ ಪೆಟ್ಟಿಗೆಯನ್ನೇ ಎಳೆದು ತೆಗೆದು, ತುಂಬಿದ ಪೆಟ್ಟಿಗೆ ತಳ್ಳುತ್ತಿದ್ದರು. ಇಂದು ನಾವು ಹೊಸದೆಂದುಕೊಂಡಿರುವ ಬ್ಯಾಟರಿ ಸ್ವಾಪಿಂಗ್ ಅಂದೇ ಇತ್ತು! ದೊಡ್ಡ ಹಣವಂತರು ಇದರ ಬೆನ್ನಿಗೆ ನಿಂತು ಎಲೆಕ್ಟ್ರಿಕ್ ವೆಹಿಕಲ್ ಕಂಪನಿ ಕಟ್ಟಿದರು, ಬೇರೆ ಬೇರೆ ನಗರಗಳಿಗೆ ಸಾವಿರಾರು ಟ್ಯಾಕ್ಸಿ ಬಿಡುವ ಯೋಜನೆ ಹಾಕಿದರು. ಆದರೆ ಬ್ಯಾಟರಿಗಳು ಬಾಳಲಿಲ್ಲ, ಟೈರ್ ಖರ್ಚು ಏರಿತು, ಸಾಲದ ವ್ಯವಹಾರದಲ್ಲಿ ಮೋಸದ ಆರೋಪ ಪತ್ರಿಕೆಗಳಲ್ಲಿ ಬಂತು. 1907ರಲ್ಲಿ ಕಂಪನಿ ದಿವಾಳಿಯಾಯಿತು. ಎಲೆಕ್ಟ್ರಿಕ್ ಕಾರನ್ನು ಲೆಕ್ಕವಿಲ್ಲದಷ್ಟು ತಯಾರಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಉಳಿದ ತಯಾರಕರ ಕಣ್ಣೆದುರು ಸಿಕ್ಕ ಮೊದಲ ಉದಾಹರಣೆ ಇದು. ಅವರ ಹಿಂಜರಿಕೆಗೆ ಇದೊಂದು ದೊಡ್ಡ ಕಾರಣ.

ಬ್ಯಾಟರಿಯ ಹತ್ತು ವರ್ಷ

ಆಮ್ಲದ ಬದಲು ಕ್ಷಾರ ಬಳಸಿದರೆ ಹೇಗೆ? ಎಡಿಸನ್ ಹಿಡಿದ ದಾರಿ ಇದು. ಸ್ವೀಡನ್‌ನಲ್ಲಿ ವಾಲ್ಡೆಮಾರ್ ಯುಂಗ್ನರ್ ಕೂಡ ಅದೇ ಹೊತ್ತಿಗೆ ಇದೇ ದಾರಿಯಲ್ಲಿದ್ದ. 1899ರಿಂದ ಎಡಿಸನ್‌ನ ಪ್ರಯೋಗಾಲಯದಲ್ಲಿ ಒಂದಾದ ಮೇಲೊಂದು ಲೋಹದ ಜೋಡಿಯನ್ನು ಪರೀಕ್ಷಿಸಲಾಯಿತು. ಸಾವಿರಾರು ಪ್ರಯೋಗಗಳ ನಂತರ ನಿಂತದ್ದು ನಿಕ್ಕೆಲ್ ಮತ್ತು ಕಬ್ಬಿಣ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. 1901ರಲ್ಲಿ ಎಡಿಸನ್ ಸ್ಟೋರೇಜ್ ಬ್ಯಾಟರಿ ಕಂಪನಿ ಹುಟ್ಟಿತು.

ಇಲ್ಲಿ ಎಡಿಸನ್ ಒಂದು ಆತುರ ಮಾಡಿದ. ಬ್ಯಾಟರಿ ಇನ್ನೂ ಪ್ರಯೋಗಾಲಯದಲ್ಲಿರುವಾಗಲೇ ಪತ್ರಕರ್ತರಿಗೆ ಎಲ್ಲ ಸಿದ್ಧವಾಗಿದೆ ಎಂಬಂತೆ ಹೇಳತೊಡಗಿದ. ಬಲ್ಬು ಕೊಟ್ಟವನೇ ಹೇಳಿದ ಮೇಲೆ ನಂಬದವರಾರು? 1903ರಲ್ಲಿ ಬ್ಯಾಟರಿ ಮಾರುಕಟ್ಟೆಗೂ ಬಂತು. ಸ್ವಲ್ಪ ದಿನಕ್ಕೆ ದೂರುಗಳು ಶುರು. ಡಬ್ಬಿಯ ಬೆಸುಗೆ ಸೋರುತ್ತಿತ್ತು, ಶಕ್ತಿ ಬರಬರುತ್ತ ಕುಗ್ಗುತ್ತಿತ್ತು.

ಆಗ ಎಡಿಸನ್ ಮಾಡಿದ್ದನ್ನು ಮೆಚ್ಚಬೇಕು. 1904ರ ಕೊನೆಯಲ್ಲಿ ಉತ್ಪಾದನೆಯನ್ನೇ ನಿಲ್ಲಿಸಿದ, ಕೆಟ್ಟ ಬ್ಯಾಟರಿಗಳನ್ನು ವಾಪಸು ಪಡೆದ. ಕೊಳ್ಳುವವರು ಇನ್ನೂ ಇದ್ದರೂ ಮಾರಲು ಒಪ್ಪಲಿಲ್ಲ. ಮತ್ತೆ ಐದು ವರ್ಷ ಮೇಜಿನ ಮುಂದೆ ಕೂತ. ನಿಕ್ಕೆಲ್ ಪುಡಿಯಲ್ಲಿ ಕರೆಂಟು ಚೆನ್ನಾಗಿ ಹರಿಯುವುದಿಲ್ಲ ಎಂಬುದು ಮುಖ್ಯ ತೊಡಕು. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ತಾಮ್ರದ ತೆಳು ಪದರ, ಅದರ ಮೇಲೆ ನಿಕ್ಕೆಲ್‌ನ ತೆಳು ಪದರ, ಹೀಗೆ ಒಂದರ ಮೇಲೊಂದು ಲೇಪಿಸಿ, ಚೂರು ಮಾಡಿ, ತಾಮ್ರವನ್ನು ಕರಗಿಸಿಬಿಡುವುದು. ಉಳಿಯುವುದು ಗಾಳಿಗೆ ಹಾರುವಷ್ಟು ತೆಳ್ಳಗಿನ ನಿಕ್ಕೆಲ್ ಹಾಳೆಗಳು. ಅವನ್ನು ನಿಕ್ಕೆಲ್ ಪುಡಿಯ ಜತೆ ಪದರ ಪದರವಾಗಿ ಸಣ್ಣ ಕೊಳವೆಯಲ್ಲಿ ಒತ್ತಿ ತುಂಬಿದರೆ ಕರೆಂಟಿಗೆ ದಾರಿ ಸಿಗುತ್ತದೆ. ದ್ರಾವಣಕ್ಕೆ ಸ್ವಲ್ಪ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿದ್ದೂ ಕೆಲಸಕ್ಕೆ ಬಂತು. ಗಟ್ಟಿತನ ನೋಡಲು ಬ್ಯಾಟರಿಗಳನ್ನು ಮಹಡಿಯಿಂದ ಕೆಳಗೆ ಎಸೆದು ಪರೀಕ್ಷಿಸುತ್ತಿದ್ದರು!

1909ರಲ್ಲಿ ಹೊಸ ಬ್ಯಾಟರಿ ಹೊರಬಂತು. ಉಕ್ಕಿನ ಡಬ್ಬಿ, ಆಮ್ಲದ ಕಾಟವಿಲ್ಲ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೂ ಕೆಡುವುದಿಲ್ಲ, ವರ್ಷಗಟ್ಟಲೆ ಬಾಳಿಕೆ. ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರಿನವರು ಇದನ್ನು ಹಾಕಿಕೊಡಲು ಮುಂದೆ ಬಂದರು. ಒಂದು ಸಲ ಚಾರ್ಜ್ ಮಾಡಿದರೆ 80 ಮೈಲಿ, ಅಂದರೆ ಸುಮಾರು 130 ಕಿ.ಮೀ. ಎಂದು ಜಾಹೀರಾತು ಕೊಟ್ಟರು. ಎಡಿಸನ್ ಸ್ವತಃ ಆ ಕಾರು ಇಟ್ಟುಕೊಂಡಿದ್ದ. ತಮಾಷೆಯೆಂದರೆ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದೂ ಅದೇ ಕಾರನ್ನು!

ಗೆದ್ದ ಬ್ಯಾಟರಿ, ಬದಲಾದ ಪೇಟೆ

ಹಾಗಾದರೆ ಕಾರು ಕಂಪನಿಗಳು ಮುಗಿಬೀಳಬೇಕಿತ್ತಲ್ಲವೇ? ಬೀಳಲಿಲ್ಲ. ಎಡಿಸನ್ ತನ್ನ ಬ್ಯಾಟರಿಯನ್ನು ತಿದ್ದುತ್ತಿದ್ದ ಹತ್ತು ವರ್ಷಗಳಲ್ಲಿ ಹೊರಗಿನ ಲೋಕ ಸುಮ್ಮನಿರಲಿಲ್ಲ.

1901ರ ಜನವರಿಯಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿತು, ಎಣ್ಣೆ ಅಗ್ಗವಾಯಿತು. ಅಲ್ಲಿಯವರೆಗೆ ತೈಲ ಕಂಪನಿಗಳ ಮುಖ್ಯ ವ್ಯಾಪಾರ ದೀಪದ ಸೀಮೆಎಣ್ಣೆ. ಎಡಿಸನ್‌ನ ಬಲ್ಬು ಆ ವ್ಯಾಪಾರಕ್ಕೇ ಕುತ್ತು ತಂದಿತ್ತು. ಉಪ ಉತ್ಪನ್ನವಾಗಿದ್ದ ಪೆಟ್ರೋಲಿಗೆ ಗಿರಾಕಿ ಸಿಕ್ಕಿದ್ದು ಕಾರಿನಿಂದ. 1908ರ ಅಕ್ಟೋಬರ್‌ನಲ್ಲಿ, ಎಡಿಸನ್ ಬ್ಯಾಟರಿಗಿಂತ ಕೆಲವೇ ತಿಂಗಳ ಮೊದಲು, ಫೋರ್ಡ್‌ನ ಮಾಡೆಲ್ ಟಿ ಬಂತು. ಬೆಲೆ 850 ಡಾಲರ್. 1913ರಲ್ಲಿ ಚಲಿಸುವ ಜೋಡಣೆ ಸಾಲು ಬಂದ ಮೇಲೆ 12 ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಷಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1916ರ ಹೊತ್ತಿಗೆ ಬೆಲೆ 360 ಡಾಲರ್.

ಈಗ ಒಬ್ಬ ಕಾರು ತಯಾರಕನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಎಲೆಕ್ಟ್ರಿಕ್ ಕಾರಿನ ಬೆಲೆ ಸಾವಿರಾರು ಡಾಲರ್. ಅದಕ್ಕೆ ಎಡಿಸನ್ ಬ್ಯಾಟರಿ ಬೇಕೆಂದರೆ ಸುಮಾರು 600 ಡಾಲರ್ ಹೆಚ್ಚುವರಿ. ಬ್ಯಾಟರಿಯ ಹಣದಲ್ಲೇ ಇನ್ನೊಂದು ಪೆಟ್ರೋಲ್ ಕಾರು ಬರುತ್ತದೆ! ನಿಕ್ಕೆಲ್ ದುಬಾರಿ. ಜತೆಗೆ ಸೀಸದ ಒಂದು ಸೆಲ್ 2 ವೋಲ್ಟ್ ಕೊಟ್ಟರೆ ಎಡಿಸನ್ ಸೆಲ್ ಕೊಡುವುದು ಸುಮಾರು 1.2 ವೋಲ್ಟ್. 60 ವೋಲ್ಟಿಗೆ 30 ಸೆಲ್ ಸಾಕಾಗುವಲ್ಲಿ 50 ಬೇಕು. ಚಳಿಯಲ್ಲಿ ಅದರ ಶಕ್ತಿ ಕುಸಿಯುತ್ತದೆ. ಸೀಸದವರೂ ಸುಮ್ಮನೆ ಕೂರದೆ 1910ರಲ್ಲಿ ಹೆಚ್ಚು ಬಾಳುವ ಪ್ಲೇಟು ತಂದರು.

ಅದಕ್ಕಿಂತ ದೊಡ್ಡ ಪ್ರಶ್ನೆ: ಚಾರ್ಜ್ ಎಲ್ಲಿ ಮಾಡುವುದು? ಪೆಟ್ರೋಲನ್ನು ಹಳ್ಳಿಯ ಅಂಗಡಿಯಲ್ಲೂ ಡಬ್ಬಿಯಲ್ಲಿಟ್ಟು ಮಾರಬಹುದು. ಕರೆಂಟಿಗೆ ತಂತಿ ಬೇಕು. ಅಮೆರಿಕದಲ್ಲೂ 1930ರ ಸುಮಾರಿಗೆ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಇದ್ದ ಕಡೆಯೂ ಮನೆಗೆ ಬರುವ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಬದಲಿಸಲು ದುಬಾರಿ ಉಪಕರಣ ಬೇಕಿತ್ತು. ಮಾಡೆಲ್ ಟಿ ಕೊಂಡವರಲ್ಲಿ ರೈತರು ಬಹಳ. ಅವರಿಗೆ ಎಲೆಕ್ಟ್ರಿಕ್ ಕಾರು ಮಾರುವುದಾದರೂ ಹೇಗೆ? ಹೀಗಾಗಿ ಅದು ನಗರದ ಶ್ರೀಮಂತ ಮನೆಯ ಹೆಂಗಸರ ಕಾರಾಗಿ ಉಳಿಯಿತು. ಡೆಟ್ರಾಯಿಟ್ ಎಲೆಕ್ಟ್ರಿಕ್‌ನವರು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮಾಡಿದ್ದು ಸುಮಾರು 13 ಸಾವಿರ ಕಾರು. ಫೋರ್ಡ್ ಕಂಪನಿ 1914ರ ಒಂದೇ ವರ್ಷದಲ್ಲಿ ಮಾಡಿದ್ದು 2 ಲಕ್ಷಕ್ಕೂ ಹೆಚ್ಚು.

ಸಂಖ್ಯೆ ಹೆಚ್ಚಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಸಂಖ್ಯೆ ಹೆಚ್ಚುತ್ತದೆ. ಈ ಚಕ್ರ ಪೆಟ್ರೋಲ್ ಕಾರಿಗೆ ತಿರುಗತೊಡಗಿತ್ತು, ಎಲೆಕ್ಟ್ರಿಕ್ ಕಾರಿಗೆ ಮೊದಲ ಸುತ್ತೇ ತಿರುಗಲಿಲ್ಲ. ಮೊದಲ ಸುತ್ತಿಗೆ ಹಣ ಸುರಿಯುವ ಧೈರ್ಯ ಯಾರಿಗೂ ಬರಲಿಲ್ಲ. ಟ್ಯಾಕ್ಸಿ ಕಂಪನಿ ಮುಳುಗಿದ್ದನ್ನು ಕಂಡಿದ್ದರು. ಎಡಿಸನ್‌ನ ಮೊದಲ ಬ್ಯಾಟರಿ ಸೋರಿದ್ದೂ ಮರೆತಿರಲಿಲ್ಲ.

ಹ್ಯಾಂಡಲ್ ಹೋಯಿತು

ಪೆಟ್ರೋಲ್ ಕಾರಿಗಿದ್ದ ದೊಡ್ಡ ಕುಂದು ಅದರ ಹ್ಯಾಂಡಲ್. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಭಯವಿಲ್ಲ, ಕೂತು ಹೊರಡುವುದಷ್ಟೇ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಸೆಲ್ಫ್ ಸ್ಟಾರ್ಟರ್ ಕೊಟ್ಟ. ಅದು ಏನು? ಒಂದು ಸಣ್ಣ ವಿದ್ಯುತ್ ಮೋಟಾರು, ಒಂದು ಸಣ್ಣ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನ ದೊಡ್ಡ ಅನುಕೂಲವನ್ನು ಪೆಟ್ರೋಲ್ ಕಾರು ಹೀಗೆ ತನ್ನೊಳಗೆ ಸೇರಿಸಿಕೊಂಡಿತು.

ಅದರಲ್ಲೂ ಎಡಿಸನ್‌ಗೆ ಪಾಲು ಸಿಗಲಿಲ್ಲ. ಸ್ಟಾರ್ಟರ್‌ಗೆ ಬೇಕಾದದ್ದು ಕ್ಷಣಕಾಲ ಭಾರಿ ಕರೆಂಟು. ನಿಕ್ಕೆಲ್ ಕಬ್ಬಿಣದ ಸೆಲ್‌ಗೆ ಒಳಗಿನ ಪ್ರತಿರೋಧ ಹೆಚ್ಚು, ಅಷ್ಟು ಕರೆಂಟನ್ನು ಒಮ್ಮೆಲೇ ಕೊಡಲಾರದು. ಸೀಸ ಕೊಡಬಲ್ಲದು. ಯಾವ ಸೀಸವನ್ನು ಓಡಿಸಲು ಎಡಿಸನ್ ಹತ್ತು ವರ್ಷ ದುಡಿದನೋ ಅದೇ ಸೀಸ ಪ್ರತಿ ಪೆಟ್ರೋಲ್ ಕಾರಿನೊಳಗೂ ಜಾಗ ಹಿಡಿಯಿತು.

ಕೊನೆಯ ಪ್ರಯತ್ನ

ಅಷ್ಟರಲ್ಲಿ ಫೋರ್ಡ್ ಮತ್ತು ಎಡಿಸನ್ ಆಪ್ತ ಗೆಳೆಯರಾಗಿದ್ದರು. ಬ್ಯಾಟರಿ ಕೆಲಸಕ್ಕೆ ಫೋರ್ಡ್ 10 ಲಕ್ಷ ಡಾಲರಿಗೂ ಹೆಚ್ಚು ಸಾಲ ಕೊಟ್ಟ. 1914ರ ಜನವರಿಯಲ್ಲಿ ಅಗ್ಗದ ಎಲೆಕ್ಟ್ರಿಕ್ ಕಾರೊಂದನ್ನು ತರುವುದಾಗಿ ಫೋರ್ಡ್ ಪತ್ರಿಕೆಗೆ ಹೇಳಿದ. ಒಂದೆರಡು ಮಾದರಿ ಕಾರುಗಳೂ ತಯಾರಾದವು. ಜಗತ್ತಿನಲ್ಲಿ ಕಾರನ್ನು ಅತಿ ಅಗ್ಗವಾಗಿ ಮಾಡಬಲ್ಲವನು, ಬ್ಯಾಟರಿ ಬಲ್ಲವನು, ಇಬ್ಬರೂ ಒಂದೇ ಕಡೆ. ಆದರೂ ಆ ಕಾರು ಷೋರೂಮಿಗೆ ಬರಲೇ ಇಲ್ಲ. ಬ್ಯಾಟರಿ ಸಾಲದಾಯಿತು, ಮಾಡೆಲ್ ಟಿ ಅಂತೂ ಬೇಡಿಕೆ ಪೂರೈಸಲಾಗದಷ್ಟು ಓಡುತ್ತಿತ್ತು. ಸದ್ದಿಲ್ಲದೆ ಯೋಜನೆ ನಿಂತಿತು. ಮುಂದೆ 1919ರಲ್ಲಿ ಮಾಡೆಲ್ ಟಿಗೂ ಸೆಲ್ಫ್ ಸ್ಟಾರ್ಟರ್ ಬಂತು.

1914ರ ಡಿಸೆಂಬರ್‌ನಲ್ಲಿ ವೆಸ್ಟ್ ಆರೆಂಜ್‌ನ ಎಡಿಸನ್ ಕಾರ್ಖಾನೆಗೆ ಬೆಂಕಿ ಬಿದ್ದು ಹಲವು ಕಟ್ಟಡಗಳು ಸುಟ್ಟವು. ಆಗ ಆತನಿಗೆ 67. ಕೂಡಲೇ ಮತ್ತೆ ಕಟ್ಟಲು ನಿಂತ. 1916ರ ಜನವರಿಯಲ್ಲಿ ಅವನ ಬ್ಯಾಟರಿ ಹಾಕಿದ್ದ ಇ-2 ಎಂಬ ಜಲಾಂತರ್ಗಾಮಿಯಲ್ಲಿ ಹೈಡ್ರೋಜನ್ ಅನಿಲ ಸ್ಫೋಟಿಸಿ ಜೀವಹಾನಿಯಾಯಿತು. ಅದು ಅವನಿಗೆ ಇನ್ನೊಂದು ಪೆಟ್ಟು.

ಆದರೆ ಬ್ಯಾಟರಿ ಸಾಯಲಿಲ್ಲ. ಗಣಿ ಕಾರ್ಮಿಕರ ತಲೆದೀಪ, ರೈಲಿನ ಸಿಗ್ನಲ್, ಬೋಗಿಯ ದೀಪ, ಕಾರ್ಖಾನೆಯೊಳಗಿನ ಸಾಮಾನು ಗಾಡಿ, ಹೀಗೆ ಗಟ್ಟಿಮುಟ್ಟು ಬೇಕಾದಲ್ಲೆಲ್ಲ ಅದು ಸೇರಿಕೊಂಡಿತು, ಲಾಭವನ್ನೂ ತಂದಿತು. 1931ರ ಅಕ್ಟೋಬರ್ 18ರಂದು ಎಡಿಸನ್ ತೀರಿಕೊಂಡಾಗ ಅವನ ಹೆಸರಿನಲ್ಲಿದ್ದ ಅಮೆರಿಕದ ಪೇಟೆಂಟ್‌ಗಳು 1,093. ಅವನು ಹೋದ ಮೇಲೂ ನಾಲ್ಕು ದಶಕ ಆ ಬ್ಯಾಟರಿ ತಯಾರಾಗುತ್ತಿತ್ತು. ಯಾವ ಕೆಲಸಕ್ಕೆಂದು ಹುಟ್ಟಿತೋ ಅದಕ್ಕೆ ಮಾತ್ರ ಆಗಿಬರಲಿಲ್ಲ.

ನಮಗೆ ಇದರಲ್ಲೇನಿದೆ?

2001ರಲ್ಲಿ ನಮ್ಮ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬಂತು. ಲಂಡನ್ನಿನ ಬೀದಿಗಳಲ್ಲೂ ಅದು ಓಡಿತು. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಅದರೊಳಗಿದ್ದ ಬ್ಯಾಟರಿ ಯಾವುದು ಗೊತ್ತೇ? ಅದೇ ಸೀಸದ್ದು! ಎಡಿಸನ್ ಎತ್ತಿದ್ದ ಪ್ರಶ್ನೆ ನೂರು ವರ್ಷ ಕಳೆದರೂ ಹಾಗೇ ಇತ್ತು. ಅಗ್ಗದ ಲಿಥಿಯಂ ಬ್ಯಾಟರಿ, ಅಗ್ಗದ ಚಾರ್ಜರ್, ಮನೆ ಮನೆಗೆ ಕರೆಂಟು ಮೂರೂ ಒಟ್ಟಿಗೆ ಸೇರಿದಾಗಲೇ ಈಗ ನಾವು ನೋಡುತ್ತಿರುವ ಎಲೆಕ್ಟ್ರಿಕ್ ಸ್ಕೂಟರ್, ಕಾರುಗಳು ರಸ್ತೆಗಿಳಿದದ್ದು.

ಬಿಇ ಓದುವ ನಮಗೆ ಬ್ಯಾಟರಿ ಎಂದರೆ ಮೊದಲ ವರ್ಷದ ರಸಾಯನಶಾಸ್ತ್ರದ ಒಂದು ಅಧ್ಯಾಯ. ಸಮೀಕರಣ ಬರೆದರೆ ಅಂಕ ಸಿಗುತ್ತದೆ. ಆದರೆ ನಾಳೆ ಇವಿ ಕಂಪನಿಯಲ್ಲೋ ಸ್ವಂತದ್ದೊಂದು ಸ್ಟಾರ್ಟಪ್‌ನಲ್ಲೋ ಕೆಲಸಕ್ಕೆ ಕೂತಾಗ ಸಮೀಕರಣ ಸಾಲದು. ಇದನ್ನು ಎಷ್ಟಕ್ಕೆ ಮಾಡಬಹುದು, ಎಲ್ಲಿ ಚಾರ್ಜ್ ಮಾಡುತ್ತಾರೆ, ಕೆಟ್ಟರೆ ಯಾರು ನೋಡುತ್ತಾರೆ, ಕೊಳ್ಳುವವರು ಯಾವ ಊರಿನವರು ಎಂದೂ ಕೇಳಿಕೊಳ್ಳಬೇಕು. 22ರ ಎಡಿಸನ್ ಮತ ಎಣಿಸುವ ಯಂತ್ರದಿಂದ ಕಲಿತದ್ದು ಇದನ್ನೇ. ಬಲ್ಬಿನ ವಿಷಯದಲ್ಲಿ ತಾನೇ ಇಡೀ ವ್ಯವಸ್ಥೆ ಕಟ್ಟಿ ಗೆದ್ದ. ಬ್ಯಾಟರಿಯ ವಿಷಯದಲ್ಲಿ ಸುತ್ತಲಿನ ವ್ಯವಸ್ಥೆ ಅವನ ಕೈಯಲ್ಲಿರಲಿಲ್ಲ.

ಅಂದಿನ ಕಾರು ತಯಾರಕರನ್ನು ಹೇಡಿಗಳೆಂದೋ ಪಿತೂರಿಗಾರರೆಂದೋ ಕರೆಯುವುದು ಸುಲಭ. ಅವರ ಮುಂದಿದ್ದ ಲೆಕ್ಕ ನಮ್ಮ ಮುಂದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಬೇರೆ ಉತ್ತರ ಬರೆಯುತ್ತಿದ್ದೆವು? ಹಾಗೆಂದು ಎಡಿಸನ್‌ನ ಹತ್ತು ವರ್ಷ ವ್ಯರ್ಥವಾಯಿತೆಂದೂ ನನಗನ್ನಿಸುವುದಿಲ್ಲ. ಸೋರಿದ ಬ್ಯಾಟರಿಯನ್ನು ವಾಪಸು ಪಡೆದು, ಸರಿಯಾಗುವವರೆಗೆ ಮಾರುವುದಿಲ್ಲ ಎಂದವನ ಆ ಐದು ವರ್ಷ, ಕೆಲಸ ಹುಡುಕುತ್ತಿರುವ ನಮ್ಮಂಥವರು ಬಲ್ಬಿನ ಕಥೆಗಿಂತ ಹೆಚ್ಚಾಗಿ ನೆನಪಿಡಬೇಕಾದದ್ದು.